ಬ್ರಹ್ಮಗಿರಿಯ ಕಲ್ಲುವೃತ್ತಗಳು: ಹಗ್ಗ, ಶರ, ಪರಿಧಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ನೆನಪಾಗುವುದು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ. ಅದೇ ನೆಲೆಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಬೃಹತ್ ಶಿಲಾಯುಗದ ಗೋರಿಗಳ ಸುತ್ತ ಕಲ್ಲುಗಳ ವೃತ್ತಗಳಿವೆ. ಇಂಥದ್ದೊಂದರ ಪರಿಧಿಯನ್ನು ವ್ಯಾಸದಿಂದ ಭಾಗಿಸಿ, 3.14ರ ಆಸುಪಾಸಿನ ಸಂಖ್ಯೆ ಬಂತೆಂದು ಕಟ್ಟಿದವರಿಗೆ ಪೈ ತಿಳಿದಿತ್ತು ಎಂದು ವಾದಿಸಿದರೆ ಆ ವಾದ ನಿಲ್ಲದು. ರೊಟ್ಟಿಯ ಹಂಚನ್ನು ಅಳೆದರೂ ಬರುವುದು ಅದೇ ಸಂಖ್ಯೆ. ವೃತ್ತ ಎಳೆಯಲು ಒಂದು ಗೂಟ, ಒಂದು ಹಗ್ಗ ಸಾಕು. ಹಗ್ಗದ ಉದ್ದವೇ ತ್ರಿಜ್ಯ. ಚಳ್ಳಕೆರೆ ಸೀಮೆಯಲ್ಲಿ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನಿಗೆ ಬೇಕಾದದ್ದು ಪರಿಧಿ. ಅದನ್ನೂ ಗಾಲಿಯ ಸುತ್ತ ದಾರ ಹಿಡಿದೇ ಅಳೆಯಬಹುದು, ಭಾಗಾಕಾರದ ಗೊಡವೆಯಿಲ್ಲ.

ಪೈ ನಿಜಕ್ಕೂ ಬೇಕಾಗುವುದು ಅಳೆಯಲು ಬಂದ ನಮಗೆ. ಅರ್ಧ ಕಲ್ಲುಗಳು ಹೊಲದ ಬದುವಿಗೆ ಹೋಗಿ, ಕಮಾನಿನಷ್ಟು ಮಾತ್ರ ಉಳಿದಿದೆ ಎಂದಿಟ್ಟುಕೊಳ್ಳೋಣ. ಅದರ ಜ್ಯಾ, ಎಂದರೆ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ, 4 ಮೀಟರ್; ಶರ, ಎಂದರೆ ಆ ಗೆರೆಯ ನಡುವಿನಿಂದ ಕಮಾನಿಗಿರುವ ಎತ್ತರ, 0.8 ಮೀಟರ್. ಅರ್ಧಜ್ಯಾದ ವರ್ಗವು ಎರಡು ಶರಗಳ ಗುಣಲಬ್ಧಕ್ಕೆ ಸಮ ಎನ್ನುತ್ತಾನೆ ಆರ್ಯಭಟ. ಅರ್ಧಜ್ಯಾ 2, ಅದರ ವರ್ಗ 4; 0.8ರಿಂದ ಭಾಗಿಸಿದರೆ 5 ಬರುತ್ತದೆ, ಅದೇ ಜ್ಯಾದ ಎದುರು ಬದಿಯ ಕಮಾನಿನ ಶರ. ಎರಡೂ ಶರ ಕೂಡಿದರೆ ವ್ಯಾಸ 5.8 ಮೀಟರ್, ತ್ರಿಜ್ಯ 2.9.

ಇನ್ನು ಪರಿಧಿ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ ಬಳಸುತ್ತಾನೆ. ಮೊದಲನೆಯದರಿಂದ 17.4 ಮೀಟರ್, ಎರಡನೆಯದರಿಂದ 18.34. ಅವನಿಗಿಂತ ಮೂರು ಶತಮಾನಕ್ಕೂ ಹಿಂದೆ, 499ರಲ್ಲಿ, ಆರ್ಯಭಟ ಕೊಟ್ಟ 62832/20000ರಿಂದ 18.22, ನಮ್ಮ ಇಂದಿನ ಲೆಕ್ಕವೂ ಅಷ್ಟೇ. ಸ್ಥೂಲದಲ್ಲಿ ಒಂದು ಕಲ್ಲಿನಷ್ಟು, 82 ಸೆಂಟಿಮೀಟರ್, ಕಡಿಮೆ ಬೀಳುತ್ತದೆ. ಸೂಕ್ಷ್ಮದಲ್ಲಿ 12 ಸೆಂಟಿಮೀಟರ್ ಹೆಚ್ಚು. ಕಾಲಾನಂತರ ಬಂದದ್ದೆಲ್ಲ ಹೆಚ್ಚು ನಿಖರ ಎಂಬ ನಂಬಿಕೆಗೆ ಇದು ಒಳ್ಳೆಯ ಮದ್ದು.

ಆದರೆ ಇದಕ್ಕಿಂತ ದೊಡ್ಡ ತಪ್ಪು ಟೇಪು ಹಿಡಿಯುವಲ್ಲೇ ನುಸುಳಬಲ್ಲದು. ಕಲ್ಲಿನ ದಪ್ಪ 30 ಸೆಂಟಿಮೀಟರ್ ಇದ್ದರೆ, ಒಳಮೈಯಿಂದ ಅಳೆದ ವ್ಯಾಸಕ್ಕೂ ಹೊರಮೈಯಿಂದ ಅಳೆದದ್ದಕ್ಕೂ 60 ಸೆಂಟಿಮೀಟರ್ ಅಂತರ. ಪರಿಧಿಯಲ್ಲಿ ಅದು ಸುಮಾರು 1.9 ಮೀಟರ್ ಆಗುತ್ತದೆ. ವೃತ್ತ ಸಣ್ಣದಿರಲಿ ದೊಡ್ಡದಿರಲಿ, ಈ ಅಂತರ ಬದಲಾಗದು. ವ್ಯಾಸವನ್ನು ಬರೆದು, ಟೇಪಿನ ತುದಿ ಕಲ್ಲಿನ ಯಾವ ಮೈಗೆ ತಾಗಿತ್ತೆಂದು ಬರೆಯದ ದಾಖಲೆಗೆ ಪೈನ ನಾಲ್ಕನೆಯ ದಶಮಾಂಶದಿಂದ ಏನೂ ಒದಗದು.