ಕ್ಯೂನಲ್ಲಿ ನಿಂತ ಕರೆಗಳು: ಕಾಲ್ ಸೆಂಟರ್ ಇತಿಹಾಸ, 7 ಭಾಗಗಳಲ್ಲಿ

ಭಾಗ 1/7: ಶವಸಂಸ್ಕಾರದ ಅಂಗಡಿಯವನ ಸಿಟ್ಟು

"ಕನ್ನಡಕ್ಕಾಗಿ ಒಂದನ್ನು ಒತ್ತಿ." ಈ ದನಿ ಕೇಳದೇ ಇರೋರು ನಮ್ಮಲ್ಲಿ ಯಾರಿದ್ದೀರಿ? ಒತ್ತಿದ ಮೇಲೆ ಇನ್ನೊಂದು ಪಟ್ಟಿ, ಅದಾದ ಮೇಲೆ ಮ್ಯೂಸಿಕ್, ಮಧ್ಯೆ ಮಧ್ಯೆ "ನಿಮ್ಮ ಕರೆ ನಮಗೆ ಅಮೂಲ್ಯ". ನಾವು ಬೈಕೊಂಡು ಕಟ್ ಮಾಡ್ತೀವಿ. ಮನೆಯಲ್ಲಿ ಹಿರಿಯರು ಮಾತ್ರ ಆ ರೆಕಾರ್ಡಿಂಗ್‌ಗೇ "ಹಲೋ, ಕೇಳಿಸ್ತಿದೆಯಾ ಮೇಡಂ?" ಅಂತ ಉತ್ತರ ಕೊಡ್ತಾ ಕೂತಿರ್ತಾರೆ.

ಈ ಸರಣಿಯಲ್ಲಿ ಹೇಳೋಕೆ ಹೊರಟಿರೋದು ಒಂದೇ ವಿಷಯ. ಕಾಲ್ ಸೆಂಟರಿನ ಒಂದೊಂದು ಯಂತ್ರವೂ ಯಾರದೋ ಒಂದು ನಿರ್ದಿಷ್ಟ ಅಗತ್ಯಕ್ಕೆ ಹುಟ್ಟಿದ್ದು. ಆ ಅಗತ್ಯಕ್ಕೆ ಬಳಸಿದಾಗ ಚೆನ್ನಾಗೇ ಕೆಲಸ ಮಾಡ್ತು. ಬೇರೆಯವರು ಯೋಚನೆ ಮಾಡದೆ ಎರವಲು ತಂದಾಗ ಕಷ್ಟ ಶುರುವಾಯ್ತು.

ಮೊದಲಿಂದ ನೋಡೋಣ. ಅಮೆರಿಕದ ಮೊದಲ ಎಕ್ಸ್‌ಚೇಂಜ್‌ಗಳಲ್ಲಿ ಲೈನ್ ಜೋಡಿಸ್ತಿದ್ದವರು ಹುಡುಗರು. ಗಿರಾಕಿಗಳ ಜೊತೆ ಒರಟಾಗಿ ಮಾತಾಡ್ತಾರೆ ಅನ್ನೋ ದೂರು ಬಂತು. 1878ರ ಸೆಪ್ಟೆಂಬರ್ 1ರಂದು ಬೋಸ್ಟನ್‌ನಲ್ಲಿ ಎಮ್ಮಾ ನಟ್ ಕೆಲಸಕ್ಕೆ ಸೇರಿದರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಅಂತ ಅವರನ್ನ ನೆನಪಿಸಿಕೊಳ್ತಾರೆ.

ಕನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಶವಸಂಸ್ಕಾರದ ವ್ಯಾಪಾರ ಮಾಡ್ತಿದ್ದ. ಪ್ರತಿಸ್ಪರ್ಧಿಯ ಹೆಂಡತಿಯೇ ಊರಿನ ಆಪರೇಟರ್, ತನಗೆ ಬರಬೇಕಾದ ಕರೆಗಳನ್ನೆಲ್ಲ ಗಂಡನ ಕಡೆ ತಿರುಗಿಸ್ತಾಳೆ ಅಂತ ಅವನಿಗೆ ಅನುಮಾನ ಇತ್ತಂತೆ. ಕಥೆ ಎಷ್ಟು ನಿಜವೋ, ಫಲಿತಾಂಶ ಮಾತ್ರ ನಿಜ: ಆಪರೇಟರ್ ಇಲ್ಲದೆ ತಾನೇ ಲೈನ್ ಜೋಡಿಸೋ ಸ್ವಿಚ್‌ಗೆ 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ತು. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಲ್ಲಿ ಆ ಎಕ್ಸ್‌ಚೇಂಜ್ ಶುರುವಾಯ್ತು.

ಅವನಿಗೆ ಬೇಕಾಗಿದ್ದು ಪಕ್ಷಪಾತ ಮಾಡದ ಯಂತ್ರ. ಅದು ಸಿಕ್ತು. ಆದರೆ "ಡಾಕ್ಟರ್ ಮನೆಯಲ್ಲಿಲ್ಲ, ಪಕ್ಕದ ಬೀದಿಗೆ ಹೋಗಿದ್ದಾರೆ, ಅಲ್ಲಿಗೇ ಕೊಡ್ತೀನಿ" ಅನ್ನೋ ಆಪರೇಟರ್ ಹೋದಳು. ಯಂತ್ರಕ್ಕೆ ನಂಬರ್ ಗೊತ್ತು, ಮನುಷ್ಯ ಗೊತ್ತಿಲ್ಲ.

ಭಾಗ 2/7: ಕೋಪನ್‌ಹೇಗನ್‌ನ ಗಣಿತಜ್ಞ

ಇಂಜಿನಿಯರಿಂಗ್ ಗೆಳೆಯರಿಗೆ ಏರ್ಲಾಂಗ್ ಅನ್ನೋ ಹೆಸರು ಪ್ರೋಗ್ರಾಮಿಂಗ್ ಭಾಷೆಯಾಗಿ ಗೊತ್ತಿರಬಹುದು. ಅದು ಒಬ್ಬ ಮನುಷ್ಯನ ಹೆಸರು ಕೂಡ. ಆಗ್ನರ್ ಕ್ರಾರಪ್ ಏರ್ಲಾಂಗ್, 1878ರಲ್ಲಿ ಡೆನ್ಮಾರ್ಕ್‌ನಲ್ಲಿ ಹುಟ್ಟಿದವರು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು. ಅಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದವರು ಯೊಹಾನ್ ಯೆನ್ಸನ್. ಗಣಿತ ಓದೋರಿಗೆ "ಜೆನ್ಸನ್ ಅಸಮಾನತೆ" ನೆನಪಿದೆ ಅಲ್ವಾ, ಅವರೇ.

ಕಂಪನಿಯ ಪ್ರಶ್ನೆ ತುಂಬಾ ಸಾದಾ: ಎಷ್ಟು ಲೈನ್ ಹಾಕಬೇಕು, ಎಷ್ಟು ಜನರನ್ನ ಕೂರಿಸಬೇಕು? ಜಾಸ್ತಿ ಹಾಕಿದ್ರೆ ದುಡ್ಡು ದಂಡ, ಕಮ್ಮಿ ಹಾಕಿದ್ರೆ ಗಿರಾಕಿಗಳ ಬೈಗುಳ.

ಕರೆಗಳು ಹೇಳಿ ಕೇಳಿ ಬರಲ್ಲ. ಒಮ್ಮೆ ಹತ್ತು ಒಟ್ಟಿಗೆ ಬರ್ತಾವೆ, ಆಮೇಲೆ ಐದು ನಿಮಿಷ ಒಂದೂ ಇಲ್ಲ. ಈ ಅಡ್ಡಾದಿಡ್ಡಿಯಲ್ಲೂ ಒಂದು ಕ್ರಮ ಇದೆ, ಅದನ್ನ ಸಂಭವನೀಯತೆಯ ಗಣಿತದಲ್ಲಿ ಹಿಡಿಯಬಹುದು ಅಂತ ಏರ್ಲಾಂಗ್ 1909ರಲ್ಲಿ ತೋರಿಸಿದರು. 1917ರ ಲೇಖನದಲ್ಲಿ ಸೂತ್ರಗಳನ್ನ ಕೊಟ್ಟರು.

ಗಮನಿಸಿ, ಸೂತ್ರ ಒಂದಲ್ಲ, ಎರಡು. ಲೈನ್ ಖಾಲಿ ಇಲ್ಲದಿದ್ರೆ ಕರೆ ಅಲ್ಲೇ ಬಿದ್ದುಹೋಗುತ್ತೆ, ಎಂಗೇಜ್ ಟೋನ್ ಬರುತ್ತೆ, ಅನ್ನೋ ಸಂದರ್ಭಕ್ಕೆ ಒಂದು. ಕರೆ ಕಾಯುತ್ತೆ, ಕ್ಯೂನಲ್ಲಿ ನಿಲ್ಲುತ್ತೆ, ಅನ್ನೋ ಸಂದರ್ಭಕ್ಕೆ ಇನ್ನೊಂದು. ಅಂದ್ರೆ ಲೆಕ್ಕ ಹಾಕೋ ಮೊದಲೇ ಕೇಳಬೇಕು: ನನಗೆ ಫೋನ್ ಮಾಡೋನು ಕಾಯ್ತಾನಾ, ಬಿಟ್ಟು ಹೋಗ್ತಾನಾ? ಈ ಪ್ರಶ್ನೆಗೆ ಉತ್ತರ ಯಂತ್ರದಲ್ಲಿಲ್ಲ, ವ್ಯಾಪಾರದಲ್ಲಿದೆ.

ಭಾಗ 3/7: ಒಬ್ಬರಿಂದ ಏನಾಗುತ್ತೆ?

ಈ ಭಾಗ ಸೇವ್ ಮಾಡ್ಕೊಳ್ಳಿ, ಇಂಟರ್‌ವ್ಯೂನಲ್ಲೂ ಕೆಲಸಕ್ಕೆ ಬರುತ್ತೆ.

ಒಂದು ಗ್ಯಾಸ್ ಏಜೆನ್ಸಿ ಇದೆ ಅಂದ್ಕೊಳ್ಳಿ. ಗಂಟೆಗೆ 100 ಕರೆ, ಒಂದೊಂದು ಸರಾಸರಿ 3 ನಿಮಿಷ. ಒಟ್ಟು 300 ನಿಮಿಷದ ಮಾತು. ಗಂಟೆಗೆ 60 ನಿಮಿಷ, ಹಾಗಾಗಿ 5 ಜನ ಸಾಕು ಅಂತ ಮಾಲೀಕ ಹೇಳ್ತಾನೆ. ಭಾಗಾಕಾರ ಸರಿ, ತೀರ್ಮಾನ ತಪ್ಪು.

ಐದೇ ಜನ ಇದ್ರೆ ಕ್ಯೂ ಬೆಳೀತಾ ಹೋಗುತ್ತೆ, ಕರಗೋದೇ ಇಲ್ಲ. ಯಾಕಂದ್ರೆ ಕರೆ ಇಲ್ಲದಾಗ ಖಾಲಿ ಕೂತ ನಿಮಿಷವನ್ನ ಕರೆ ಜಾಸ್ತಿ ಬಂದಾಗ ಖರ್ಚು ಮಾಡೋಕಾಗಲ್ಲ. ಏರ್ಲಾಂಗ್ ಸೂತ್ರ ಹಾಕಿದ್ರೆ ಹೀಗೆ ಬರುತ್ತೆ:

6 ಜನ ಇದ್ರೆ, ಸರಾಸರಿ ಕಾಯೋದು ಸುಮಾರು 106 ಸೆಕೆಂಡ್.
7 ಜನ ಇದ್ರೆ, ಸುಮಾರು 29 ಸೆಕೆಂಡ್.
8 ಜನ ಇದ್ರೆ, ಸುಮಾರು 10 ಸೆಕೆಂಡ್.

ನೋಡಿದ್ರಾ? ಆರರಿಂದ ಏಳಕ್ಕೆ ಹೋದಾಗ ಒಬ್ಬರೇ ಒಬ್ಬರು ಜಾಸ್ತಿ. ಕಾಯೋ ಸಮಯ ಮೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. ಮಧ್ಯಾಹ್ನ ಒಬ್ಬರು ಊಟಕ್ಕೆ ಎದ್ದಾಗ ಇಡೀ ಆಫೀಸ್ ಯಾಕೆ ಒದ್ದಾಡುತ್ತೆ ಅಂತ ಈಗ ಅರ್ಥ ಆಯ್ತಲ್ಲ.

ಈ ಲೆಕ್ಕದಲ್ಲಿ ಒಂದು ಕೊರತೆ ಇದೆ. ಇಲ್ಲಿ ಯಾರೂ ಬೇಸತ್ತು ಕಟ್ ಮಾಡಲ್ಲ, ಎಲ್ರೂ ಶಬರಿಯ ಹಾಗೆ ಕಾಯ್ತಾರೆ. ಗಿರಾಕಿಯ ತಾಳ್ಮೆಯನ್ನೂ ಲೆಕ್ಕಕ್ಕೆ ಸೇರಿಸಿದ್ದು ಆಮೇಲೆ ಬಂದ ಸ್ವೀಡನ್‌ನ ಕಾನಿ ಪಾಮ್.

ಭಾಗ 4/7: ವಿಮಾನದ ಸೀಟು, ಫೋನಿನ ಗುಂಡಿ

ಏರ್ಲಾಂಗ್ ಗಣಿತ ಕಾಗದದ ಮೇಲಿತ್ತು. ಅದನ್ನ ದುಡ್ಡಾಗಿ ನೋಡಿದವರಲ್ಲಿ ಅಮೆರಿಕದ ವಿಮಾನ ಕಂಪನಿಗಳು ಮುಂದೆ. ಅವರಿಗೆ ಒಂದೊಂದು ಕರೆಯೂ ಒಂದು ಸೀಟು. ಫೋನ್ ಎತ್ತೋದು ತಡವಾದ್ರೆ ಗಿರಾಕಿ ಪಕ್ಕದ ಕಂಪನಿಗೆ ಫೋನ್ ಮಾಡ್ತಾನೆ. ವಿಮಾನ ಹಾರಿದ ಮೇಲೆ ಖಾಲಿ ಸೀಟಿಗೆ ಬೆಲೆ ಇಲ್ಲ.

ಅದಕ್ಕೆ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ 1960ರ ದಶಕದಲ್ಲಿ ಸೇಬರ್ ಅನ್ನೋ ಬುಕಿಂಗ್ ವ್ಯವಸ್ಥೆ ತಂದವು. ಎಲ್ಲಿ ಸೀಟು ಖಾಲಿ ಅಂತ ಕಂಪ್ಯೂಟರ್ ಹೇಳೋಕೆ ಶುರುಮಾಡ್ತು. 1967ರಲ್ಲಿ ಎಟಿ ಅಂಡ್ ಟಿ ಟೋಲ್ ಫ್ರೀ ಸೇವೆ ಆರಂಭಿಸಿತು, ಕರೆಯ ಖರ್ಚು ಕಂಪನಿಯದ್ದಾಯ್ತು. ಇನ್ನು ಉಳಿದಿದ್ದು ಬಂದ ಕರೆಯನ್ನ ಯಾರಿಗೆ ಕೊಡೋದು ಅನ್ನೋದು. 1973ರಲ್ಲಿ ರಾಕ್‌ವೆಲ್ ಕಂಪನಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಗ್ಯಾಲಕ್ಸಿ ಅನ್ನೋ ಯಂತ್ರ ಕೊಟ್ಟಿತು. ಎಸಿಡಿ, ಅಂದ್ರೆ ಕರೆಗಳನ್ನ ತಾನೇ ಹಂಚೋ ಯಂತ್ರ. ಸಾಮಾನ್ಯ ನಿಯಮ ಹೀಗೆ: ಯಾರು ಹೆಚ್ಚು ಹೊತ್ತಿಂದ ಖಾಲಿ ಕೂತಿದ್ದಾರೋ ಅವರಿಗೆ ಮುಂದಿನ ಕರೆ. ನಮ್ಮ ಸ್ಟ್ಯಾಂಡಿನ ಆಟೋ ಸರದಿ ಇದ್ದ ಹಾಗೆ.

"ಒಂದನ್ನು ಒತ್ತಿ" ಅನ್ನೋದು ಇನ್ನೊಂದು ದಾರಿಯಲ್ಲಿ ಬಂತು. 1963ರಲ್ಲಿ ಅಮೆರಿಕದಲ್ಲಿ ಗುಂಡಿ ಒತ್ತೋ ಫೋನ್ ಮಾರುಕಟ್ಟೆಗೆ ಬಂತು. ಹಳೇ ತಿರುಗಿಸೋ ಡಯಲ್‌ನ ಮಿಡಿತ ಎಕ್ಸ್‌ಚೇಂಜ್ ತನಕ ಮಾತ್ರ ಹೋಗ್ತಿತ್ತು. ಹೊಸ ಗುಂಡಿ ಎರಡು ಸ್ವರಗಳನ್ನ ಒಟ್ಟಿಗೆ ಹೊರಡಿಸುತ್ತೆ. 1 ಒತ್ತಿದ್ರೆ 697 ಮತ್ತು 1209 ಹರ್ಟ್ಸ್. ಸ್ವರ ಆದ್ದರಿಂದ ಮಾತಿನ ಹಾಗೇ ಆ ಕಡೆ ತನಕ ಹೋಗುತ್ತೆ, ಅಲ್ಲಿರೋ ಯಂತ್ರ ಅದನ್ನ ಕೇಳಿಸ್ಕೊಳ್ಳುತ್ತೆ. ನಮ್ಮಲ್ಲಿನ ಹಳೇ ಲ್ಯಾಂಡ್‌ಲೈನ್ ಸೆಟ್ಟಿನ ಅಡಿಯಲ್ಲಿ ಪಲ್ಸ್, ಟೋನ್ ಅಂತ ಒಂದು ಚಿಕ್ಕ ಸ್ವಿಚ್ ಇರ್ತಿತ್ತಲ್ಲ, ಅದು ಇದಕ್ಕೇ.

ಇದೇ ಐವಿಆರ್‌ಗೆ ತಳಪಾಯ. ಬ್ಯಾಂಕ್ ಬ್ಯಾಲೆನ್ಸ್ ಥರದ ಪ್ರಶ್ನೆಗೆ ಇದು ಹೇಳಿ ಮಾಡಿಸಿದ್ದು: ಪ್ರಶ್ನೆ ಒಂದೇ, ಉತ್ತರ ಒಂದು ಸಂಖ್ಯೆ. "ನನ್ನ ದುಡ್ಡು ಕಟ್ ಆಗಿದೆ, ಯಾಕೆ ಅಂತ ಗೊತ್ತಿಲ್ಲ" ಅನ್ನೋನಿಗೆ ಯಾವ ಗುಂಡಿ?

ಭಾಗ 5/7: ಹಲೋ... ಹಲೋ... ಯಾರೂ ಇಲ್ಲ

ಇಲ್ಲಿ ತನಕ ಕರೆ ಒಳಗೆ ಬರ್ತಿತ್ತು. 1980ರ ದಶಕದಲ್ಲಿ ಅದೇ ಗಣಿತ ತಿರುಗಿ ಹೊರಗೆ ಹೊರಡ್ತು.

ಸಾಲ ವಸೂಲಿಗೆ ಫೋನ್ ಮಾಡೋರ ಕಷ್ಟ ಏನು? ಹತ್ತು ನಂಬರ್ ಒತ್ತಿದ್ರೆ ಎತ್ತೋರು ಮೂವರೋ ನಾಲ್ವರೋ. ಮಿಕ್ಕ ಸಮಯ ರಿಂಗ್ ಕೇಳ್ತಾ ಕೂರಬೇಕು. ಅದಕ್ಕೆ ಪ್ರಿಡಿಕ್ಟಿವ್ ಡಯಲರ್ ಬಂತು. ಇನ್ನೆಷ್ಟು ಹೊತ್ತಿಗೆ ಎಷ್ಟು ಏಜೆಂಟರು ಖಾಲಿ ಆಗ್ತಾರೆ, ಎಷ್ಟು ಜನ ಫೋನ್ ಎತ್ತಬಹುದು ಅಂತ ಅಂದಾಜು ಹಾಕಿ ಯಂತ್ರವೇ ಹಲವು ನಂಬರ್‌ಗಳಿಗೆ ಒಟ್ಟಿಗೆ ಡಯಲ್ ಮಾಡುತ್ತೆ. ಎತ್ತಿದವರನ್ನ ಖಾಲಿ ಇರೋ ಏಜೆಂಟಿಗೆ ಕೊಡುತ್ತೆ.

ಅಂದಾಜು ತಪ್ಪಿದ್ರೆ? ನೀವು ಎತ್ತಿದ್ದೀರಿ, ಆ ಕಡೆ ಏಜೆಂಟ್ ಖಾಲಿ ಇಲ್ಲ. ಹಲೋ, ಹಲೋ, ಮೌನ, ಕಟ್. ಅದು ದೆವ್ವ ಅಲ್ಲ, ಡಯಲರ್.

ಸಾಲಗಾರನಿಗೂ ಬ್ಯಾಂಕಿಗೂ ಒಂದು ಸಂಬಂಧ ಇದೆ, ಕರೆಗೆ ಕಾರಣ ಇದೆ. ಇದೇ ಯಂತ್ರವನ್ನ ಮಾರಾಟದವರು ತಂದಾಗ ಆ ಕಡೆ ಇದ್ದವರು ಊಟ ಮಾಡ್ತಾ ಕೂತ ಅಪರಿಚಿತರು. ಏಜೆಂಟಿನ ಒಂದು ನಿಮಿಷ ಉಳಿಸೋಕೆ ನೂರು ಮನೆಯ ನೆಮ್ಮದಿ ಹೋಯ್ತು. ಕೊನೆಗೆ ಕಾನೂನೇ ಬರಬೇಕಾಯ್ತು. 2003ರಲ್ಲಿ ಅಮೆರಿಕದಲ್ಲಿ "ಕರೆ ಮಾಡಬೇಡಿ" ಪಟ್ಟಿ ಬಂತು. ಜನ ಎತ್ತಿದ ಮಾರಾಟದ ಕರೆಗಳಲ್ಲಿ ಹೀಗೆ ಕೈಬಿಟ್ಟವು ಶೇಕಡ 3 ದಾಟಬಾರದು ಅನ್ನೋ ಮಿತಿಯೂ ಬಂತು. ಭಾರತದಲ್ಲಿ ಟ್ರಾಯ್ ನಿಯಮ ತಂದಿದ್ದು 2007ರಲ್ಲಿ. ನಾವು ಡಿಎನ್‌ಡಿ ಅಂತೀವಲ್ಲ, ಅದರ ಮೂಲ ಅದು.

ಭಾಗ 6/7: ಅವರ ಹಗಲು, ನಮ್ಮ ರಾತ್ರಿ

ಈಗ ನಮ್ಮೂರಿಗೆ ಬರೋಣ. 1997ರಲ್ಲಿ ಜಿಇ ಕ್ಯಾಪಿಟಲ್ ಗುರುಗಾಂವ್‌ನಲ್ಲಿ ಕೇಂದ್ರ ತೆರೆಯಿತು. ಬೆಂಗಳೂರಲ್ಲಿ 2000ದಲ್ಲಿ 24/7 ಕಸ್ಟಮರ್ ಶುರುವಾಯ್ತು. 2002ರಲ್ಲಿ ಅಂತರರಾಷ್ಟ್ರೀಯ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗಿದ್ದ ಏಕಸ್ವಾಮ್ಯ ಮುಗೀತು. ಕ್ಯಾಬ್‌ಗಳು ರಾತ್ರಿ ಹೊರಟವು. ಎಷ್ಟೋ ಅಕ್ಕಂದಿರು, ಅಣ್ಣಂದಿರು ಡಿಗ್ರಿ ಮುಗಿಸಿ ಮೊದಲ ಸಂಬಳ ನೋಡಿದ್ದು ಅಲ್ಲೇ. ಬೇರೆ ಹೆಸರು, ಬೇರೆ ಉಚ್ಚಾರ ಕಲಿತಿದ್ದೂ ಅಲ್ಲೇ.

ಆ ವ್ಯವಸ್ಥೆಯ ಅಗತ್ಯ ಸ್ಪಷ್ಟವಾಗಿತ್ತು: ಅಮೆರಿಕದ ಗಿರಾಕಿ, ಇಂಗ್ಲಿಷ್ ಒಂದೇ ಭಾಷೆ, ಖರ್ಚು ಕಮ್ಮಿ ಆಗಬೇಕು, ಒಂದು ಕರೆ ಬೇಗ ಮುಗೀಬೇಕು. ಯಂತ್ರ, ತರಬೇತಿ, ಲೆಕ್ಕ ಎಲ್ಲ ಅದಕ್ಕೇ ಹೊಂದಿಸಿದ್ದು. ತಪ್ಪಲ್ಲ.

ಅದೇ ಹೊತ್ತಿಗೆ ನಮ್ಮದೇ ಅಗತ್ಯಕ್ಕೆ ಇನ್ನೊಂದು ಥರದ ಕೇಂದ್ರಗಳೂ ಹುಟ್ಟಿದವು. 2004ರ ಜನವರಿ 21ರಂದು ಕಿಸಾನ್ ಕಾಲ್ ಸೆಂಟರ್ ಆರಂಭವಾಯ್ತು. ಸಮಯ ಬೆಳಿಗ್ಗೆ 6ರಿಂದ ರಾತ್ರಿ 10, ಯಾಕಂದ್ರೆ ರೈತನಿಗೆ ಪುರುಸೊತ್ತು ಸಿಗೋದು ಗದ್ದೆಗೆ ಹೋಗೋ ಮುಂಚೆ, ಇಲ್ಲಾ ಬಂದ ಮೇಲೆ. ಉತ್ತರ ಕನ್ನಡವೂ ಸೇರಿ 22 ಭಾಷೆಗಳಲ್ಲಿ. ಮೊದಲು ಎತ್ತಿದವರಿಗೆ ಉತ್ತರ ಗೊತ್ತಿಲ್ಲದಿದ್ರೆ ಕರೆ ತಜ್ಞರ ಕಡೆ ಹೋಗುತ್ತೆ. ಇಲ್ಲಿ "ಮೂರು ನಿಮಿಷದಲ್ಲಿ ಮುಗಿಸು" ಅನ್ನೋ ಒತ್ತಡ ಹಾಕಿದ್ರೆ ಅಡಿಕೆ ಕೊಳೆರೋಗಕ್ಕೆ ಔಷಧಿ ಹೇಳೋಕಾಗಲ್ಲ.

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ, ಆರೋಗ್ಯ ಕವಚ, ಬಂತು. ಅಲ್ಲಿ ಮೆನು ಹಾಕಿದ್ರೆ ಪ್ರಾಣವೇ ಹೋಗುತ್ತೆ. ಮೊದಲು ಬೇಕಿರೋದು ಒಂದು ಮನುಷ್ಯ ದನಿ, ಮೊದಲ ಪ್ರಶ್ನೆ "ಎಲ್ಲಿದ್ದೀರಿ?" ಗಿರಾಕಿ ಸಂಖ್ಯೆ ಯಾರಿಗೆ ಬೇಕು?

ಯಂತ್ರ ಹೆಚ್ಚುಕಮ್ಮಿ ಅದೇ. ಕರೆ ಮಾಡೋರು ಬೇರೆ, ಹಾಗಾಗಿ ಹೊಂದಿಸಿದ ರೀತಿ ಬೇರೆ.

ಭಾಗ 7/7: ಕನ್ನಡ ಲೈನ್ ದುಬಾರಿಯಾ?

ಕೊನೆಯ ಭಾಗ, ನಮಗೆ ನೇರವಾಗಿ ತಾಗೋದು.

1990ರ ದಶಕದಿಂದ ಎಸಿಡಿಗೆ ಇನ್ನೊಂದು ಬುದ್ಧಿ ಬಂತು: ಏಜೆಂಟಿಗೆ ಏನು ಗೊತ್ತಿದೆ ಅಂತ ನೋಡಿ ಕರೆ ಕೊಡೋದು. ಭಾಷೆಯೂ ಅದರಲ್ಲಿ ಒಂದು. ಆದ್ರೂ "ಕನ್ನಡಕ್ಕೆ ಬೇರೆ ಲೈನ್ ಇಟ್ರೆ ಖರ್ಚು ಜಾಸ್ತಿ" ಅನ್ನೋ ಮಾತು ಕೇಳ್ತೀವಿ. ಏರ್ಲಾಂಗ್‌ರನ್ನೇ ಕೇಳೋಣ.

ಗಂಟೆಗೆ 10 ಕನ್ನಡದ ಕರೆ, ತಲಾ 3 ನಿಮಿಷ. ಅದಕ್ಕಂತ ಒಬ್ಬರನ್ನ ಕೂರಿಸಿದ್ರು. ಅವರು ಅರ್ಧ ಹೊತ್ತು ಖಾಲಿ. ಆದ್ರೂ ಗಿರಾಕಿ ಸರಾಸರಿ 3 ನಿಮಿಷ ಕಾಯಬೇಕು! ಮ್ಯಾನೇಜರ್‌ಗೆ ಕಾಣೋದು ಖಾಲಿ ಕುರ್ಚಿ, ಅಜ್ಜನಿಗೆ ಕೇಳೋದು ಮ್ಯೂಸಿಕ್. ಇಬ್ಬರೂ ಸಿಟ್ಟಾಗ್ತಾರೆ, ಕನ್ನಡ ಲೈನ್ ಮುಚ್ಚುತ್ತೆ.

ಈಗ ಇನ್ನೊಂದು ರೀತಿ. ಗಂಟೆಗೆ 100 ಕನ್ನಡ, 100 ಇಂಗ್ಲಿಷ್ ಕರೆ. ಬೇರೆ ಬೇರೆ 7 ಜನರನ್ನ ಕೂರಿಸಿದ್ರೆ ಒಟ್ಟು 14 ಜನ, ಕಾಯೋದು 29 ಸೆಕೆಂಡ್. ಅದೇ 14 ಜನಕ್ಕೂ ಎರಡೂ ಭಾಷೆ ಬಂದ್ರೆ ಕ್ಯೂ ಒಂದೇ ಆಗುತ್ತೆ, ಕಾಯೋದು ಸುಮಾರು 8 ಸೆಕೆಂಡ್. ಒಬ್ಬರನ್ನ ಕಮ್ಮಿ ಮಾಡಿ 13 ಜನ ಇಟ್ರೂ ಸುಮಾರು 17 ಸೆಕೆಂಡ್.

ಅಂದ್ರೆ ದುಬಾರಿ ಆಗಿರೋದು ಕನ್ನಡ ಅಲ್ಲ, ಗೋಡೆ. ಎರಡೂ ಭಾಷೆ ಬರೋ ಹಾಸನದ ಹುಡುಗಿ, ಗದಗದ ಹುಡುಗ ಕುರ್ಚಿಯಲ್ಲಿದ್ರೆ ಆ ಗೋಡೆಯೇ ಬೇಕಿಲ್ಲ. ನಾಳೆ ನೀವು ಇಂಥ ಕೆಲಸಕ್ಕೆ ಸೇರಬಹುದು, ಸ್ವಂತ ಸ್ಟಾರ್ಟಪ್ ಮಾಡಿ ಇಂಥ ಸಾಫ್ಟ್‌ವೇರ್ ಕೊಳ್ಳಬಹುದು. ಈಗ ಮಾತಾಡೋ ಬಾಟ್‌ಗಳನ್ನೂ ಮಾರ್ತಿದ್ದಾರೆ. ಡೆಮೊ ನೋಡೋ ಮೊದಲು ಒಂದು ಹಾಳೆಯಲ್ಲಿ ಬರ್ಕೊಳ್ಳಿ: ಫೋನ್ ಮಾಡೋರು ಯಾರು? ಯಾವ ಭಾಷೆ? ಯಾವ ಹೊತ್ತು? ಎಷ್ಟು ಕಾಯ್ತಾರೆ? ತಪ್ಪಾದ್ರೆ ನಷ್ಟ ಯಾರಿಗೆ? ಇದಕ್ಕೆ ಉತ್ತರ ಬಂದ ಮೇಲೆ ಯಾವ ಯಂತ್ರ ಅನ್ನೋದು ಸುಲಭ.

ನಿಮ್ಮ ಮನೆಯಲ್ಲಿ ಹಿರಿಯರು ಯಾವ ಮೆನುವಿನಲ್ಲಿ ಸಿಕ್ಕಿಹಾಕ್ಕೊಂಡಿದ್ದರು? ಕಾಮೆಂಟಲ್ಲಿ ಬರೀರಿ, ಕಂಪನಿ ಹೆಸರು ಬೇಡ. ಎಷ್ಟನೇ ಗುಂಡಿ ಅಂತ ಹೇಳಿದ್ರೆ ಸಾಕು.

#ಕನ್ನಡದಲ್ಲಿಇತಿಹಾಸ #ಕಾಲ್‌ಸೆಂಟರ್‌ಕಥೆ #ಏರ್ಲಾಂಗ್ #ಒಂದನ್ನುಒತ್ತಿ