ಜೇನ್ ಆಸ್ಟೆನ್ನಳ ಬರವಣಿಗೆಯ ವೃತ್ತಿ: ದಾಖಲೆಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಪ್ರಣಯವನ್ನೂ ವಿವಾಹವನ್ನೂ ವಸ್ತುವನ್ನಾಗಿ ಮಾಡಿಕೊಂಡು ಕಾದಂಬರಿಗಳನ್ನು ಬರೆದವರಲ್ಲಿ ಇಂಗ್ಲೆಂಡಿನ ಜೇನ್ ಆಸ್ಟೆನ್ನಳಷ್ಟು (1775–1817) ದೀರ್ಘಕಾಲ ಓದುಗರ ಮನ್ನಣೆಯನ್ನು ಪಡೆದವರು ವಿರಳ. ಆಕೆಯ ಕೃತಿಗಳ ಸೊಗಸನ್ನು ಕುರಿತು ವಿಮರ್ಶಕರು ಬರೆದಿರುವುದು ರಾಶಿಯಾಗಿದೆ. ಆದರೆ ಆಕೆ ಯಾವ ಸ್ಥಳದಲ್ಲಿ, ಎಂಥ ಕಾಗದದ ಮೇಲೆ, ಎಷ್ಟು ಹಣದ ನಿರೀಕ್ಷೆಯಿಂದ ಬರೆದಳೆಂಬ ಪ್ರಶ್ನೆಗಳನ್ನು ಸಾಹಿತ್ಯವಿಮರ್ಶೆಯು ಬಹುಕಾಲ ಅಲ್ಪವೆಂದೇ ಎಣಿಸಿತು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅವು ಅಲ್ಪವಲ್ಲ. ಆ ಪ್ರಶ್ನೆಗಳಿಗೆ ಉತ್ತರವಾಗಿ ಪ್ರಚಾರದಲ್ಲಿದ್ದ ಚಿತ್ರವೊಂದು ದಾಖಲೆಗಳ ಮುಂದೆ ನಿಲ್ಲುವುದೇ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ.

ಆ ಚಿತ್ರಕ್ಕೆ ಕಾರಣರು ಇಬ್ಬರು. ಇಬ್ಬರೂ ಆಕೆಯ ಬಂಧುಗಳೇ. ಆಕೆ ತೀರಿಕೊಂಡ ವರ್ಷದ ಕೊನೆಯಲ್ಲಿ, ಉಳಿದಿದ್ದ ಎರಡು ಕಾದಂಬರಿಗಳನ್ನು ಪ್ರಕಟಿಸುವಾಗ ಅಣ್ಣ ಹೆನ್ರಿ ಒಂದು ಸಂಕ್ಷಿಪ್ತ ಜೀವನವೃತ್ತವನ್ನು ಬರೆದು ಸೇರಿಸಿದನು. ಕೀರ್ತಿಯ ಆಸೆಯಾಗಲಿ ಲಾಭದ ಆಸೆಯಾಗಲಿ ಆಕೆಯನ್ನು ಮೊದಲಿಗೆ ಪ್ರೇರಿಸಲಿಲ್ಲವೆಂಬುದು ಅದರ ಅಭಿಪ್ರಾಯ. ಅನಂತರ 1869ರ ಕೊನೆಯಲ್ಲಿ ಅಣ್ಣನ ಮಗನಾದ ಜೇಮ್ಸ್ ಎಡ್ವರ್ಡ್ ಆಸ್ಟೆನ್-ಲೀ ತನ್ನ ಸ್ಮೃತಿಗ್ರಂಥವನ್ನು ಹೊರತಂದನು. ಕಿರಿಚುವ ಬಾಗಿಲಿನ ಪ್ರಸಿದ್ಧ ಕಥೆ ಬರುವುದು ಇಲ್ಲಿಯೇ. ಅತಿಥಿಗಳೂ ಸೇವಕರೂ ಬರುವ ಸಾಮಾನ್ಯ ಕೊಠಡಿಯಲ್ಲಿ ಕುಳಿತು ಆಕೆ ಬರೆಯುತ್ತಿದ್ದಳಂತೆ. ಬಾಗಿಲು ಸದ್ದು ಮಾಡಿದೊಡನೆ ಸಣ್ಣ ಹಾಳೆಗಳನ್ನು ಮರೆಮಾಡುತ್ತಿದ್ದಳಂತೆ. ಆದಕಾರಣ ಆ ಕೀಲಿಗೆ ಎಣ್ಣೆ ಹಾಕಗೊಡಲಿಲ್ಲವಂತೆ. ಬಿಡುವಿನ ವೇಳೆಯಲ್ಲಿ ಕಸೂತಿ ಹಾಕುವಂತೆ ಕಾದಂಬರಿ ಬರೆದ ಸಾಧ್ವಿಯೊಬ್ಬಳ ಮೂರ್ತಿ ಹೀಗೆ ಸಿದ್ಧವಾಯಿತು. ವಿಕ್ಟೋರಿಯ ರಾಣಿಯ ಕಾಲದ ಸಭ್ಯ ಕುಟುಂಬಕ್ಕೆ ತಮ್ಮ ಅತ್ತೆ ಹಣಕ್ಕಾಗಿ ದುಡಿದವಳೆಂದು ಹೇಳಿಕೊಳ್ಳಲು ಸಂಕೋಚವಿದ್ದಿರಬೇಕೆಂದು ನಾವು ಊಹಿಸುತ್ತೇವೆ.

ದಾಖಲೆಗಳಾದರೋ ಬೇರೆ ಮಾತನ್ನು ಹೇಳುತ್ತವೆ. ಹ್ಯಾಂಪ್‌ಷೈರಿನ ಸ್ಟೀವೆಂಟನ್ ಗ್ರಾಮದ ಪಾದ್ರಿಯಾಗಿದ್ದ ತಂದೆ ಜಾರ್ಜ್ ಆಸ್ಟೆನ್ 1794ರ ಡಿಸೆಂಬರಿನಲ್ಲಿ ಹನ್ನೆರಡು ಷಿಲಿಂಗು ಕೊಟ್ಟು ಒಂದು ಚಿಕ್ಕ ಮಹಾಗನಿ ಬರೆಯುವ ಪೆಟ್ಟಿಗೆಯನ್ನು ಕೊಂಡನು. ಅದು ಜೇನಳಿಗಾಗಿಯೇ ಎಂದು ನಂಬಲಾಗಿದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಆಕೆಯ ಪೆಟ್ಟಿಗೆ ಇದೇ ಇರಬೇಕೆಂದು ಹೇಳುತ್ತಾರೆ. 1798ರ ಅಕ್ಟೋಬರಿನಲ್ಲಿ ಪ್ರಯಾಣದ ನಡುವೆ ಡಾರ್ಟ್‌ಫರ್ಡಿನ ಛತ್ರದಲ್ಲಿ ಆಕೆಯ ಬರೆಯುವ ಪೆಟ್ಟಿಗೆ ತಪ್ಪಿ ಬೇರೊಂದು ಗಾಡಿಯನ್ನು ಸೇರಿ, ವೆಸ್ಟ್ ಇಂಡೀಸಿಗೆ ಹೋಗುವ ಹಾದಿಯನ್ನು ಹಿಡಿಯಿತು. ಆಳೊಬ್ಬನು ಕುದುರೆಯೇರಿ ಬೆನ್ನಟ್ಟಿ ಅದನ್ನು ತಂದನು. ಅದರಲ್ಲಿ ಏಳು ಪೌಂಡುಗಳಿದ್ದುವು. ತನ್ನ ಐಶ್ವರ್ಯವೆಲ್ಲ ಅಷ್ಟೇ ಎಂದು ಆಕೆ ಅಕ್ಕ ಕಸಾಂಡ್ರಳಿಗೆ ಬರೆದಿದ್ದಾಳೆ. ಹಸ್ತಪ್ರತಿಗಳೂ ಅದರಲ್ಲಿದ್ದುವೋ ಏನೋ. ಹಣದ ಮಾತನ್ನು ಮಾತ್ರ ಆಕೆ ಮರೆಯಲಿಲ್ಲ.

1797ರ ನವೆಂಬರಿನಲ್ಲಿ ತಂದೆ ಲಂಡನ್ನಿನ ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಮಗಳ ಕಾದಂಬರಿಯೊಂದನ್ನು ನೋಡುವಿರಾ ಎಂದು ಕೇಳಿ ಬರೆದನು. ಲೇಖಕರೇ ಖರ್ಚನ್ನು ಹೊತ್ತರೆ ಎಷ್ಟಾಗುವುದೆಂಬ ಪ್ರಶ್ನೆಯೂ ಆ ಕಾಗದದಲ್ಲಿತ್ತು. ಪ್ರಕಾಶಕನು ಹಸ್ತಪ್ರತಿಯನ್ನು ತರಿಸಿಕೊಳ್ಳದೆಯೇ ಮರುಟಪಾಲಿನಲ್ಲಿ ನಿರಾಕರಿಸಿದನು. ‘ಸೂಸನ್’ ಎಂಬ ಇನ್ನೊಂದು ಕೃತಿಯನ್ನು 1803ರಲ್ಲಿ ಕ್ರಾಸ್ಬಿ ಎಂಬ ಪ್ರಕಾಶಕ ಹತ್ತು ಪೌಂಡಿಗೆ ಕೊಂಡನಾದರೂ ಅಚ್ಚುಹಾಕಿಸಲಿಲ್ಲ. ಆರು ವರ್ಷ ಕಾದು ಆಕೆ 1809ರಲ್ಲಿ ಸುಳ್ಳು ಹೆಸರಿನಿಂದ ಖಾರವಾದ ಕಾಗದ ಬರೆದಳು. ಬೇಕಾದರೆ ಹತ್ತು ಪೌಂಡು ಕೊಟ್ಟು ಹಿಂದಕ್ಕೆ ಪಡೆಯಬಹುದೆಂದು ಉತ್ತರ ಬಂದಿತು. ಅಷ್ಟು ಹಣ ಕೊಟ್ಟು ಬಿಡಿಸಿಕೊಂಡದ್ದು 1816ರಲ್ಲಿ. ‘ನಾರ್ದ್ಯಾಂಗರ್ ಅಬಿ’ ಎಂದು ನಾವು ಓದುವ ಕಾದಂಬರಿ ಅದೇ.

1801ರಲ್ಲಿ ತಂದೆ ವೃತ್ತಿಯಿಂದ ವಿರಮಿಸಿ ಸಂಸಾರವನ್ನು ಬಾತ್ ನಗರಕ್ಕೆ ಸಾಗಿಸಿದನು. 1805ರ ಜನವರಿಯಲ್ಲಿ ತೀರಿಕೊಂಡನು. ಅಲ್ಲಿಂದ ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಬಾಡಿಗೆಯ ಮನೆಗಳಲ್ಲಿ, ಗಂಡುಮಕ್ಕಳು ಕೊಡುತ್ತಿದ್ದ ಸಹಾಯಧನವನ್ನು ನೆಚ್ಚಿ ಬದುಕಬೇಕಾಯಿತು. ಕಸಾಂಡ್ರಳಿಗೆ, ಮದುವೆಯಾಗಬೇಕಾಗಿದ್ದು ಮಡಿದುಹೋದ ವರನು ಬಿಟ್ಟುಹೋದ ಸಾವಿರ ಪೌಂಡಿನ ಬಡ್ಡಿಯಾದರೂ ಇತ್ತು. ಜೇನಳಿಗೆ ಸ್ವಂತದ್ದೆಂಬುದು ಏನೂ ಇರಲಿಲ್ಲ. ಈ ಎಂಟು ವರ್ಷಗಳಲ್ಲಿ ‘ಸೂಸನ್’ ಪ್ರತಿಯನ್ನು ಸಿದ್ಧಪಡಿಸಿದುದನ್ನೂ, ‘ದಿ ವಾಟ್ಸನ್ಸ್’ ಎಂಬ ಅಪೂರ್ಣ ಕೃತಿಯನ್ನೂ ಬಿಟ್ಟರೆ ಬರವಣಿಗೆ ಹೆಚ್ಚಾಗಿ ಸಾಗಿದಂತೆ ಕಾಣುವುದಿಲ್ಲ. ಸ್ಫೂರ್ತಿ ಬತ್ತಿತೆಂದು ಹೇಳುವುದು ಸುಲಭ. ನೆಲೆಯಾದ ಮನೆ ತಪ್ಪಿತೆಂದು ಹೇಳುವುದು ಹೆಚ್ಚು ಸರಿಯೆಂದು ನಮಗೆ ತೋರುತ್ತದೆ. ಏಕೆಂದರೆ 1809ರ ಜುಲೈಯಲ್ಲಿ ಅಣ್ಣ ಎಡ್ವರ್ಡನು ಚಾಟನ್ ಗ್ರಾಮದಲ್ಲಿ ಮನೆಯೊಂದನ್ನು ಬಿಟ್ಟುಕೊಟ್ಟ ಮೇಲೆ ಏಳೆಂಟು ವರ್ಷಗಳಲ್ಲಿ ಮೂರು ಹಳೆಯ ಕೃತಿಗಳು ಪರಿಷ್ಕಾರಗೊಂಡುವು, ಮೂರು ಹೊಸವು ಹುಟ್ಟಿದುವು.

ಚಾಟನ್ನಿನ ದಿನಚರಿಯನ್ನು ಅಣ್ಣನ ಮಗಳು ಕ್ಯಾರೊಲಿನ್ ನೆನೆದು ಬರೆದಿದ್ದಾಳೆ. ಬೆಳಗ್ಗೆ ಪಿಯಾನೊ ಅಭ್ಯಾಸ. ಒಂಬತ್ತಕ್ಕೆ ಎಲ್ಲರಿಗೂ ಉಪಾಹಾರವನ್ನು ಅಣಿಮಾಡುವುದು. ಚಹ, ಸಕ್ಕರೆ, ಮದ್ಯಗಳ ಉಗ್ರಾಣದ ಮೇಲ್ವಿಚಾರಣೆ. ಮಿಕ್ಕ ಗೃಹಕೃತ್ಯದ ಹೊರೆ ಕಸಾಂಡ್ರಳದು, ಮತ್ತು ಅವರೊಡನೆ ವಾಸವಾಗಿದ್ದ ಮಾರ್ತ ಲಾಯ್ಡಳದು. ಇದು ಆಕಸ್ಮಿಕವಾದ ಹಂಚಿಕೆಯಲ್ಲ. ಅಕ್ಕ ಊರಿನಲ್ಲಿಲ್ಲದೆ ಮನೆ ತುಂಬ ನೆಂಟರಿದ್ದಾಗ ತಲೆಯಲ್ಲಿ ಮಾಂಸದ ತುಂಡುಗಳೂ ಔಷಧದ ಪ್ರಮಾಣವೂ ತುಂಬಿರುವಾಗ ರಚನೆ ಅಸಾಧ್ಯವೆಂದು ಜೇನ್ 1816ರಲ್ಲಿ ಬರೆದ ಕಾಗದವೇ ಇದಕ್ಕೆ ಸಾಕ್ಷಿ. ಆ ಆರು ಕಾದಂಬರಿಗಳ ಹಿಂದೆ ಅಡಿಗೆಯ ಲೆಕ್ಕ ಬರೆದ ಇನ್ನಿಬ್ಬರು ಹೆಂಗಸರ ದುಡಿಮೆಯೂ ಇದೆಯೆಂಬುದನ್ನು ಚರಿತ್ರಕಾರರು ಎಷ್ಟುಮಟ್ಟಿಗೆ ಗಮನಿಸಿದ್ದಾರೆ?

ಉಳಿದಿರುವ ಹಸ್ತಪ್ರತಿಗಳಿಂದ ಆಕೆಯ ಕೈಯ ಅಭ್ಯಾಸಗಳು ತಿಳಿಯುತ್ತವೆ. ದೊಡ್ಡ ಹಾಳೆಗಳನ್ನು ಕತ್ತರಿಸಿ ಮಡಿಚಿ ಸಣ್ಣ ಪುಸ್ತಿಕೆಗಳನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಪುಟದ ಅಂಚಿನವರೆಗೂ ಒತ್ತಾಗಿ ಬರೆಯುತ್ತಿದ್ದಳು; ತಿದ್ದುಪಡಿಗೆಂದು ಬಿಟ್ಟ ಸ್ಥಳ ಎಲ್ಲಿಯೂ ಇಲ್ಲ. ಹೊಸ ಭಾಗವನ್ನು ಸೇರಿಸಬೇಕಾದಾಗ ಬೇರೆ ಕಾಗದದ ತುಂಡಿನಲ್ಲಿ ಬರೆದು, ಸ್ಥಾನಕ್ಕೆ ಸರಿಯಾಗಿ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದಳು. ‘ಪರ್ಸುಯೇಷನ್’ ಕಾದಂಬರಿಯನ್ನು 1816ರ ಜುಲೈ 18ರಂದು ಮುಗಿಸಿ, ತೃಪ್ತಿಯಾಗದೆ ಕೊನೆಯ ಭಾಗವನ್ನು ಮತ್ತೆ ಬರೆದು ಆಗಸ್ಟ್ 6ರಂದು ಪೂರೈಸಿದಳು. ಕೈಬಿಟ್ಟ ಅಧ್ಯಾಯಗಳ ಹಾಳೆಗಳು ಮಾತ್ರ ಉಳಿದುಬಂದಿವೆ. ಅಚ್ಚಾದ ಆರು ಕಾದಂಬರಿಗಳ ಹಸ್ತಪ್ರತಿಗಳಲ್ಲಿ ಬೇರಾವುದೂ ಉಳಿದಿಲ್ಲ.

ವಿವರಗಳಲ್ಲಿ ಆಕೆ ಬಲು ಎಚ್ಚರಿಕೆಯವಳು. ನಾರ್ತ್ಯಾಂಪ್ಟನ್‌ಷೈರಿನಲ್ಲಿ ಹೊಲದ ಬೇಲಿಸಾಲುಗಳು ಉಂಟೇ ಎಂದು 1813ರಲ್ಲಿ ವಿಚಾರಿಸಿದ್ದಾಳೆ. ಕಾದಂಬರಿ ಬರೆಯಹೊರಟಿದ್ದ ಅಣ್ಣನ ಮಗಳು ಆ್ಯನಳಿಗೆ, ಪಾತ್ರಗಳು ಐರ್ಲೆಂಡಿಗೆ ಹೋಗಲಿ, ನೀನು ಹಿಂಬಾಲಿಸಬೇಡ, ಅಲ್ಲಿಯ ನಡೆನುಡಿಯನ್ನು ನೀನು ಅರಿಯೆ ಎಂಬರ್ಥದ ಬುದ್ಧಿಮಾತನ್ನು ಹೇಳಿದ್ದಾಳೆ. ಓದುಗರು ಏನೆಂದರೆಂಬುದನ್ನೂ ಕೇಳಿ ಪಟ್ಟಿಮಾಡಿಟ್ಟಿದ್ದಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯ ನಾಯಕಿ ಸಪ್ಪೆ ಎಂದ ಸ್ವಂತ ತಾಯಿಯ ಅಭಿಪ್ರಾಯವನ್ನೂ ಅದರಲ್ಲಿ ಮರೆಮಾಚದೆ ಬರೆದಿದ್ದಾಳೆ!

ಇನ್ನು ವ್ಯವಹಾರದ ಸಂಗತಿ. ಅಂದಿನ ಲೇಖಕರಿಗೆ ಮುಖ್ಯವಾಗಿ ಎರಡು ದಾರಿಗಳಿದ್ದುವು: ಹಕ್ಕನ್ನು ಒಮ್ಮೆಗೇ ಮಾರಿಬಿಡುವುದು, ಇಲ್ಲವೆ ಅಚ್ಚಿನ ವೆಚ್ಚವನ್ನೂ ನಷ್ಟವನ್ನೂ ತಾನೇ ಹೊತ್ತು, ಪ್ರಕಾಶಕನಿಗೆ ಮಾರಾಟದ ಮೇಲೆ ಕಮಿಷನ್ ಕೊಡುವುದು. ಆಕೆಯ ಜೀವಿತಕಾಲದಲ್ಲಿ ಹೊರಬಂದ ನಾಲ್ಕು ಕಾದಂಬರಿಗಳಲ್ಲಿ ಮೂರು ಈ ಎರಡನೆಯ ದಾರಿಯವು. 1811ರ ಅಕ್ಟೋಬರಿನಲ್ಲಿ ಹೆಸರಿಲ್ಲದೆ, ಒಬ್ಬ ಮಹಿಳೆಯ ಕೃತಿಯೆಂದು ಹೊರಬಂದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಮೂರು ಸಂಪುಟಗಳಿಗೆ ಹದಿನೈದು ಷಿಲಿಂಗಿನ ಬೆಲೆಯದು. ನಷ್ಟ ಬಂದೇ ಬರುವುದೆಂದು ತನ್ನ ಅಲ್ಪ ಆದಾಯದಲ್ಲಿ ಹಣವನ್ನು ತೆಗೆದಿಟ್ಟಿದ್ದಳೆಂದು ಹೆನ್ರಿಯೇ ಹೇಳಿದ್ದಾನೆ. ಬಂದದ್ದು 140 ಪೌಂಡು ಲಾಭ. ಈ ಧೈರ್ಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ವಿಷಯದಲ್ಲಿ ಇರಲಿಲ್ಲ. ಮೊದಲ ಕೃತಿಯ ಫಲ ತಿಳಿಯುವ ಮುನ್ನವೇ, 150 ಕೇಳಬೇಕೆಂದಿದ್ದು, 110 ಪೌಂಡಿಗೆ ಹಕ್ಕನ್ನು ಎಜರ್ಟನ್ ಎಂಬ ಪ್ರಕಾಶಕನಿಗೆ ಮಾರಿದಳು. 1813ರ ಜನವರಿಯಲ್ಲಿ ಹೊರಬಂದ ಆ ಪುಸ್ತಕ ಅದೇ ವರ್ಷ ಎರಡನೆಯ ಮುದ್ರಣವನ್ನು ಕಂಡಿತು. ಆಕೆಗೆ ಅದರಿಂದ ಒಂದು ಷಿಲಿಂಗೂ ಬರಲಿಲ್ಲ. ಮತ್ತೆಂದೂ ಹಕ್ಕನ್ನು ಮಾರಲಿಲ್ಲ.

1815ರಲ್ಲಿ ಜಾನ್ ಮರೆ ಎಂಬ ಹೆಸರುವಾಸಿ ಪ್ರಕಾಶಕ ‘ಎಮ್ಮ’ ಸೇರಿದಂತೆ ಮೂರು ಕೃತಿಗಳ ಹಕ್ಕಿಗೆ 450 ಪೌಂಡು ಕೊಡುವೆನೆಂದನು. ಆಕೆ ಒಪ್ಪದೆ ಸ್ವಂತ ಹೊಣೆಯ ಮೇಲೆಯೇ ಅಚ್ಚುಹಾಕಿಸಿದಳು. ಇಲ್ಲಿ ಎಣಿಕೆ ತಪ್ಪಿತೆಂಬುದನ್ನು ಒಪ್ಪಿಕೊಳ್ಳಬೇಕು. ‘ಎಮ್ಮ’ 2000 ಪ್ರತಿಗಳ ಮುದ್ರಣದಿಂದ ಮೊದಲ ಲೆಕ್ಕದಲ್ಲಿ 221 ಪೌಂಡು ಲಾಭ ಬಂದರೂ, ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಎರಡನೆಯ ಮುದ್ರಣದ 182 ಪೌಂಡಿನ ನಷ್ಟವನ್ನು ಅದರಲ್ಲಿ ಮುರಿದುಕೊಂಡು ಆಕೆಯ ಕೈಗೆ ಬಂದುದು 38 ಪೌಂಡು 18 ಷಿಲಿಂಗು. ವ್ಯವಹಾರಚತುರೆಯೆಂದು ಆಕೆಯನ್ನು ಕೊಂಡಾಡುವ ಇತ್ತೀಚಿನ ಬರೆಹಗಳೂ ಈ ಲೆಕ್ಕವನ್ನು ಮರೆಯಬಾರದು.

ಈ ಮೊಬಲಗು ನಮಗೆ ಗೊತ್ತಾಗುವುದು ಆಕೆಯೇ ಬರೆದಿಟ್ಟ ಒಂದು ಚೀಟಿಯಿಂದ. ಸರಕಾರಿ ಸಾಲಪತ್ರದಲ್ಲಿ ಶೇಕಡ ಐದರ ಬಡ್ಡಿಗೆ ತೊಡಗಿಸಿದ್ದ 600 ಪೌಂಡುಗಳಲ್ಲದೆ ಕಾದಂಬರಿಗಳಿಂದ ಬಂದ ಹಣವನ್ನು ಷಿಲಿಂಗುಷಿಲಿಂಗಾಗಿ ಅದರಲ್ಲಿ ನಮೂದಿಸಿದ್ದಾಳೆ. 13 ಪೌಂಡು 7 ಷಿಲಿಂಗಿನ ಬಾಬೊಂದು ಹೆನ್ರಿಯ ಬ್ಯಾಂಕಿನಲ್ಲಿ ಉಳಿದಿದ್ದುದು. ಆ ಬ್ಯಾಂಕು 1816ರ ಮಾರ್ಚಿನಲ್ಲಿ ಮುರಿದುಬಿದ್ದಿತ್ತು. ಲಾಭದ ಆಸೆಯಿಲ್ಲದೆ ಬರೆದಳೆಂದು ಲೋಕಕ್ಕೆ ಹೇಳಿದವನು ಆ ಬ್ಯಾಂಕಿನ ಪಾಲುದಾರನೇ ಎಂಬುದು ಗಮನಾರ್ಹ.

ಹಣಕ್ಕಾಗಿ ಏನನ್ನಾದರೂ ಬರೆಯುವವಳು ಆಕೆಯಲ್ಲವೆಂಬುದಕ್ಕೂ ಪ್ರಮಾಣವುಂಟು. ರಾಜಪ್ರತಿನಿಧಿಯ ಗ್ರಂಥಪಾಲಕನಾದ ಕ್ಲಾರ್ಕ್, ಸ್ಯಾಕ್ಸ್-ಕೋಬರ್ಗ್ ರಾಜಮನೆತನವನ್ನು ಕುರಿತು ಐತಿಹಾಸಿಕ ರೊಮಾನ್ಸ್ ಬರೆದರೆ ಸಮಯೋಚಿತವಾಗುವುದೆಂದು ಸೂಚಿಸಿದಾಗ, ಅದು ಹೆಚ್ಚು ಲಾಭಕರವಾಗಬಹುದೆಂದು ಒಪ್ಪಿಕೊಂಡೇ, ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಲ್ಲದೆ ಅಂಥದನ್ನು ಬರೆಯಲಾರೆನೆಂದು 1816ರ ಏಪ್ರಿಲಿನಲ್ಲಿ ಉತ್ತರಿಸಿದಳು. ತನ್ನ ದಾರಿ ತನಗೆ ಎಂಬುದೇ ಆ ಪತ್ರದ ತಾತ್ಪರ್ಯ.

ಕಿರಿಚುವ ಬಾಗಿಲು ಸುಳ್ಳೆಂದು ನಾವು ಹೇಳುವುದಿಲ್ಲ. ಅದು ಮುಚ್ಚಿಡುತ್ತಿದ್ದುದು ಬಿಡುವಿನ ವಿನೋದವನ್ನಲ್ಲ, ಕೆಲಸವನ್ನು ಎಂದಷ್ಟೇ ನಮ್ಮ ವಾದ. 1817ರ ಜನವರಿ 27ರಂದು, ಕಾಯಿಲೆ ಬಲಿಯುತ್ತಿದ್ದಾಗ, ಆಕೆ ಮತ್ತೊಂದು ಕಾದಂಬರಿಯನ್ನು ಪ್ರಾರಂಭಿಸಿದಳು. ಮುಂದೆ ‘ಸ್ಯಾಂಡಿಟನ್’ ಎಂದು ಹೆಸರು ಪಡೆದ ಕೃತಿ ಅದು. ಮೇಜಿನ ಬಳಿ ಕುಳಿತಿರಲು ಶಕ್ತಿ ಸಾಲದೆ, ಕೊನೆಯ ಕೆಲವು ಪುಟಗಳನ್ನು ಮೊದಲು ಸೀಸದ ಕಡ್ಡಿಯಿಂದ ಬರೆದು ಅನಂತರ ಅದರ ಮೇಲೆ ಶಾಯಿಯಿಂದ ತಿದ್ದಿದಂತೆ ಕಾಣುತ್ತದೆಂದು ಅಣ್ಣನ ಮಗನೇ ಹೇಳಿದ್ದಾನೆ. ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ ಮಾರ್ಚ್ 18 ಎಂದು ತಾರೀಖು ಹಾಕಿದೆ. ಪುಸ್ತಿಕೆಯ ಮಿಕ್ಕ ಹಾಳೆಗಳು ಖಾಲಿಯಾಗಿವೆ.