ತಾರಾಪುರಕ್ಕೆ ಇಂಧನ ಕೊಟ್ಟವರು

ಮುಂಬೈಯಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಕಡಲತಡಿಯಲ್ಲಿರುವ ತಾರಾಪುರ ಭಾರತದ ಮೊದಲ ಅಣುವಿದ್ಯುತ್ ಸ್ಥಾವರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಟ್ಟ ಇದರ ಎರಡು ರಿಯಾಕ್ಟರುಗಳು 1969ರ ಅಕ್ಟೋಬರಿನಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಇವುಗಳಿಂದ ಬಂದ ವಿದ್ಯುತ್ತು ದೇಶದ ಲೆಕ್ಕದಲ್ಲಿ ಅಲ್ಪವೇ. ಆದರೆ ಇವುಗಳ ಇಂಧನಕ್ಕಾಗಿ ದಿಲ್ಲಿ ನಡೆಸಿದ ಮಾತುಕತೆ ಮೂರು ತಲೆಮಾರಿನ ರಾಜತಾಂತ್ರಿಕರಿಗೆ ಕೆಲಸ ಕೊಟ್ಟಿತು.

ಭಾರತದ ಅಣು ಕಾರ್ಯಕ್ರಮವನ್ನು ಕಟ್ಟಿದ ಹೋಮಿ ಭಾಭಾ ಅವರ ದೂರದ ಯೋಜನೆ ನೈಸರ್ಗಿಕ ಯುರೇನಿಯಂ ಮತ್ತು ಭಾರಜಲವನ್ನು ನೆಚ್ಚಿತ್ತು. ತಾರಾಪುರ ಅದಕ್ಕೊಂದು ಅಪವಾದ. ಅಣುವಿದ್ಯುತ್ತು ಇಲ್ಲಿಯೂ ಸಾಧ್ಯವೆಂದು ಬೇಗ ತೋರಿಸಬೇಕಿತ್ತು, ಅಗ್ಗದ ಸಾಲವೂ ಸಿಕ್ಕಿತು. ಈ ರಿಯಾಕ್ಟರುಗಳಿಗೆ ಬೇಕಿದ್ದುದು ಸಂವರ್ಧಿತ ಯುರೇನಿಯಂ. ಅದನ್ನು ತಯಾರಿಸುವ ಶಕ್ತಿ ಆಗ ಭಾರತಕ್ಕಿರಲಿಲ್ಲ. ಹಾಗಾಗಿ 1963ರ ಒಪ್ಪಂದದಲ್ಲಿ 30 ವರ್ಷ ಇಂಧನ ಪೂರೈಸುವ ಹೊಣೆಯನ್ನು ಅಮೆರಿಕ ಹೊತ್ತಿತು. ಬೇರೆಡೆಯಿಂದ ಇಂಧನ ತರುವುದಿಲ್ಲವೆಂದು ಭಾರತ ಒಪ್ಪಿತು. ಮುಂದಿನ ತಕರಾರಿನ ಬೀಜ ಇದ್ದುದು ಇಲ್ಲಿಯೇ.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ಭಾರತದ ಅಣು ಪರೀಕ್ಷಾ ಸ್ಫೋಟ ನಡೆಯಿತು. ಅದರ ಪ್ಲುಟೋನಿಯಂ ಬಂದದ್ದು ಕೆನಡಾ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನಿಂದ, ತಾರಾಪುರದಿಂದಲ್ಲ. ಆದರೂ ಬಿಸಿ ತಟ್ಟಿದ್ದು ತಾರಾಪುರಕ್ಕೆ. 1978ರಲ್ಲಿ ಅಮೆರಿಕ ಹೊಸ ಕಾನೂನು ತಂದು, ಎಲ್ಲ ಅಣು ಘಟಕಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಡ್ಡದ ದೇಶಕ್ಕೆ ಇಂಧನವಿಲ್ಲ ಎಂದಿತು. ಹಳೆಯ ಒಪ್ಪಂದಕ್ಕೆ ಹೊಸ ಷರತ್ತು ಹೇರುವಂತಿಲ್ಲ ಎಂಬುದು ಭಾರತದ ವಾದ. ಕಾನೂನಿನ ದೃಷ್ಟಿಯಿಂದ ಅದು ಬಲವಾದದ್ದೇ. ಅದೇ ವರ್ಷದ ಜನವರಿಯಲ್ಲಿ ದಿಲ್ಲಿಗೆ ಬಂದಿದ್ದ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಪ್ರಧಾನಿ ಮೊರಾರ್ಜಿ ದೇಸಾಯಿ ಅವರಿಗೆ ಕಟುವಾದ ಪತ್ರ ಬರೆಯಬೇಕೆಂದು ತಮ್ಮ ವಿದೇಶಾಂಗ ಕಾರ್ಯದರ್ಶಿಗೆ ಪಿಸುಗುಟ್ಟಿದ್ದು ಮೈಕಿಗೆ ಸಿಕ್ಕಿ ಜಗಜ್ಜಾಹೀರಾಯಿತು.

ಎರಡು ವರ್ಷದಲ್ಲಿ ಅದೇ ಕಾರ್ಟರ್ ಭಾರತದ ಪರ ಓಟು ಕೇಳಬೇಕಾಯಿತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ದಿಲ್ಲಿಯನ್ನು ದೂರ ಮಾಡಿಕೊಳ್ಳುವುದು ವಾಷಿಂಗ್ಟನ್ನಿಗೆ ಬೇಡವಾಗಿತ್ತು. 38 ಟನ್ ಇಂಧನ ಕಳಿಸಲು ಅಮೆರಿಕದ ಅಣು ನಿಯಂತ್ರಣ ಆಯೋಗ ಒಪ್ಪಲಿಲ್ಲ; ಕಾರ್ಟರ್ ಅದನ್ನು ಬದಿಗೊತ್ತಿದರು. 1980ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ ಈ ಪೂರೈಕೆಯನ್ನು ಭಾರೀ ಬಹುಮತದಿಂದ ತಿರಸ್ಕರಿಸಿತು. ಸೆನೆಟ್‌ನಲ್ಲಿ 48–46ರ ಕೂದಲೆಳೆಯ ಅಂತರ ಅದನ್ನು ಉಳಿಸಿತು, ಏಕೆಂದರೆ ತಡೆಯಲು ಎರಡೂ ಸದನಗಳ ವಿರೋಧ ಬೇಕಿತ್ತು.

1982ರಲ್ಲಿ ಇಂದಿರಾ ಗಾಂಧಿ ಅಮೆರಿಕಕ್ಕೆ ಹೋದಾಗ ಅಧ್ಯಕ್ಷ ರೇಗನ್ ಜೊತೆ ಜಾಣ ದಾರಿಯೊಂದು ಹೊಳೆಯಿತು: ಒಪ್ಪಂದ ಹಾಗೆಯೇ ಇರಲಿ, ಇಂಧನವನ್ನು ಫ್ರಾನ್ಸ್ ಕೊಡಲಿ. ಇಬ್ಬರ ಮುಖವೂ ಉಳಿಯಿತು. ಹೊರಗಿನಿಂದ ಬಂದ ಯುರೇನಿಯಂ ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ಬೆರಳ ತುದಿಯಷ್ಟರ ಗುಳಿಗೆಗಳಾಗಿ, ಜಿರ್ಕೋನಿಯಂ ಮಿಶ್ರಲೋಹದ ಕೊಳವೆ ಸೇರಿ ತಾರಾಪುರ ತಲುಪುತ್ತಿತ್ತು. 1993ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಫ್ರಾನ್ಸೂ ಕೈ ಚೆಲ್ಲಿತು. 1995ರಲ್ಲಿ ಇಂಧನ ಕೊಟ್ಟದ್ದು, ಯಾರೂ ಊಹಿಸದಿದ್ದ ಚೀನಾ. ಆಮೇಲೆ 2001 ಮತ್ತು 2006ರಲ್ಲಿ, ಅಮೆರಿಕದ ಆಕ್ಷೇಪವನ್ನು ಲೆಕ್ಕಿಸದೆ, ರಷ್ಯಾ ಕೊಟ್ಟಿತು.

2008ರ ಸೆಪ್ಟೆಂಬರಿನಲ್ಲಿ ಅಣು ಪೂರೈಕೆದಾರರ ಕೂಟ ವಿಯೆನ್ನಾದಲ್ಲಿ ಭಾರತದೊಂದಿಗೆ ಅಣು ವ್ಯಾಪಾರ ನಡೆಸಲು ವಿನಾಯಿತಿ ನೀಡಿತು. ಪೋಖ್ರಾನ್ ಸ್ಫೋಟದ ಕಾರಣಕ್ಕೇ ಹುಟ್ಟಿದ್ದ ಕೂಟವದು. ಪ್ರತಿಯಾಗಿ ಭಾರತ ತನ್ನ 22 ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ಒಪ್ಪಿಸಿತು. ಕಜಕಸ್ತಾನ, ಫ್ರಾನ್ಸ್, ರಷ್ಯಾಗಳ ಯುರೇನಿಯಂ ಬರತೊಡಗಿತು. 2015ರಲ್ಲಿ ಕೆನಡಾ ಸಹ ಪೂರೈಕೆ ಒಪ್ಪಂದಕ್ಕೆ ಬಂತು. ಕರ್ನಾಟಕದ ಕೈಗಾದ ನಾಲ್ಕೂ ಘಟಕಗಳು ತಪಾಸಣೆಯ ಪಟ್ಟಿಯ ಹೊರಗುಳಿದವು. ಆಮದು ಇಂಧನ ಅವಕ್ಕೆ ವರ್ಜ್ಯ, ಸ್ವದೇಶಿ ಯುರೇನಿಯಂ ಮಾತ್ರ. ಅದರಲ್ಲೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು.